ಕೆರೆ, ಕುಂಟೆ, ಚೆರ್ಲು: ಮಧುಗಿರಿ ಸೀಮೆಯ ಊರ ಹೆಸರುಗಳು



1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆದು ನಕ್ಷೆ ಬರೆಯುವ ಕೆಲಸ ಕಾಲಿನ್ ಮೆಕೆಂಜಿಯ ಪಾಲಿಗೆ ಬಂತು. ಆತ ಸ್ಕಾಟ್ಲೆಂಡಿನ ವಾಯವ್ಯದ ಲೂಯಿಸ್ ದ್ವೀಪದವನು, ಸ್ಟೋರ್ನೊವೇ ಎಂಬ ಊರಿನಲ್ಲಿ ಹುಟ್ಟಿದವನು. ಗೇಲಿಕ್ ಭಾಷೆ ಇವತ್ತಿಗೂ ಜನರ ಬಾಯಲ್ಲಿ ಉಳಿದಿರುವ ಕೆಲವೇ ನೆಲಗಳಲ್ಲಿ ಆ ದ್ವೀಪ ಒಂದು. ಆದರೆ ಸ್ಟೋರ್ನೊವೇ ಎಂಬ ಹೆಸರು ಗೇಲಿಕ್ ಅಲ್ಲ. ಸಾವಿರ ವರ್ಷದ ಹಿಂದೆ ಹಡಗಿನಲ್ಲಿ ಬಂದು ನೆಲೆಸಿದ ನಾರ್ಸ್ ಜನರದು ಅದು; ಹೆಸರಿನ ಕೊನೆಯಲ್ಲಿರುವುದು ಕೊಲ್ಲಿ ಎಂಬರ್ಥದ ಅವರ ಮಾತು. ಗೇಲಿಕ್ ಜನ ಅದನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ಇಟ್ಟುಕೊಂಡರು. ಅಂಥ ನೆಲದ ಮನುಷ್ಯ, ಕನ್ನಡದ ಮೇಲೆ ತೆಲುಗು, ತೆಲುಗಿನ ಮೇಲೆ ಕನ್ನಡ ಹರಿದಾಡಿದ ನಮ್ಮ ಸೀಮೆಗೆ ಅಳತೆಯ ಸರಪಣಿ ಹಿಡಿದು ಬಂದ. ಕಾವಲಿ ವೆಂಕಟ ಬೊರಯ್ಯನವರಂಥ ಸಹಾಯಕರಿಂದ ಊರೂರಿನ ಚರಿತ್ರೆ ಹೇಳುವ ಕೈಫಿಯತ್ತುಗಳನ್ನು ಬರೆಸಿಕೊಂಡ. ಕನ್ನಡದ ಕೈಫಿಯತ್ತುಗಳನ್ನು ನಮ್ಮ ಕಾಲದಲ್ಲಿ ಎಂ.ಎಂ. ಕಲಬುರ್ಗಿಯವರು ಸಂಪಾದಿಸಿಕೊಟ್ಟಿದ್ದಾರೆ.

ಗೇಲಿಕ್ ನಾಡಿನ ಊರ ಹೆಸರುಗಳನ್ನು ಓದುವವರು ಕೇಳುವ ಪ್ರಶ್ನೆಯೇ ನನ್ನದೂ: ಈ ಹೆಸರು ಇಟ್ಟವರು ಯಾರು, ಯಾವ ಮಾತಿನಲ್ಲಿ ಇಟ್ಟರು, ಏನನ್ನು ನೋಡಿ ಇಟ್ಟರು? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ಮತ್ತೆ ಮತ್ತೆ ಬರುವ ಉತ್ತರ ನೀರು.

ವರ್ಷವಿಡೀ ಹರಿಯುವ ನದಿ ನಮ್ಮಲ್ಲಿ ಇಲ್ಲ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಮಳೆಗಾಲ ಕಳೆದರೆ ಅದೂ ಬರಿ ಮರಳು. ಇಂಥ ಕಡೆ ಊರು ಕಟ್ಟುವುದೆಂದರೆ ಮೊದಲು ಮಳೆನೀರಿಗೆ ಅಡ್ಡ ಕಟ್ಟುವುದು. ಹೆಸರುಗಳಲ್ಲಿ ಆ ಕೆಲಸದ ದೊಡ್ಡದು ಚಿಕ್ಕದು ಎಲ್ಲವೂ ಕಾಣುತ್ತದೆ. ಕೊರಟಗೆರೆ, ತಾವರೆಕೆರೆ, ತೋವಿನಕೆರೆಗಳಲ್ಲಿ ಕೆರೆ ಇದೆ. ಹುಲಿಕುಂಟೆ, ಮೇಲ್ಕುಂಟೆ, ಸಾಸಲಕುಂಟೆಗಳಲ್ಲಿ ಅದಕ್ಕಿಂತ ಚಿಕ್ಕದಾದ ಕುಂಟೆ. ಮಧುಗಿರಿಯ ದೊಡ್ಡೇರಿ ಹೋಬಳಿಯ ಹೆಸರಿನಲ್ಲಿ ನೀರೂ ಇಲ್ಲ, ಅದನ್ನು ತಡೆದ ಏರಿ ಮಾತ್ರ ಇದೆ. ಮಣ್ಣು ಹೊತ್ತವರು ಇಟ್ಟ ಹೆಸರು ಅದು ಎಂದೇ ನನಗೆ ಅನಿಸುತ್ತದೆ. ದಡದಲ್ಲಿ ನಿಂತು ನೋಡಿದವನ ಕಣ್ಣಿಗೆ ಬೀಳುವುದು ನೀರು, ಹೊತ್ತವನ ನೆನಪಿನಲ್ಲಿ ನಿಲ್ಲುವುದು ಏರಿ.

ಇನ್ನು ಸಮುದ್ರ. ಕರ್ನಾಟಕದಲ್ಲೇ ಮಳೆ ಕಡಿಮೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಪಾವಗಡದಲ್ಲಿ ಬಳಸಮುದ್ರ, ಪೊನ್ನಸಮುದ್ರ, ರಂಗಸಮುದ್ರ ಎಂಬ ಊರುಗಳಿವೆ. ಕೆರೆ ಕಟ್ಟಿಸಿದ ಪ್ರಭುವೋ ಗೌಡನೋ ತನ್ನ ಹೆಸರಿಗೋ ತನ್ನವರ ಹೆಸರಿಗೋ ತಾನು ನಂಬಿದ ದೇವರ ಹೆಸರಿಗೋ ಸಮುದ್ರ ಸೇರಿಸಿ ಶಾಸನ ಹಾಕಿಸುತ್ತಿದ್ದ ಕಾಲ ಅದು. ಜನ ಆ ದೊಡ್ಡ ಮಾತನ್ನು ದಿನ ಬಳಕೆಯಲ್ಲಿ ಸವೆಸಿದರು. ಸಮುದ್ರ ಸಂದ್ರವಾಯಿತು. ಶಿರಾ ಕಡೆಯ ಬ್ರಹ್ಮಸಂದ್ರ, ಕೊರಟಗೆರೆಯ ಇರಕಸಂದ್ರ ಹೀಗೆ ಸವೆದು ಬಂದವು. ಬೆಂಗಳೂರಿನ ಬೊಮ್ಮಸಂದ್ರ, ಸಿಂಗಸಂದ್ರಗಳದೂ ಇದೇ ದಾರಿ. ಆದ್ದರಿಂದ ಸಂದ್ರ ಎಂದು ಮುಗಿಯುವ ಊರಿಗೆ ಹೋದಾಗ ಮೊದಲು ಕೆರೆ ಎಲ್ಲಿ ಎಂದು ಕೇಳಿ. ಒಡೆದಿರಬಹುದು, ಹೂಳು ತುಂಬಿರಬಹುದು, ಜಾಲಿ ಬೆಳೆದಿರಬಹುದು. ಕೆರೆ ಇದ್ದೇ ಇತ್ತು.

ಕಟ್ಟಿದ ಕೆರೆಯನ್ನು ನೋಡಿಕೊಳ್ಳುವವರು ಬೇಕಲ್ಲ. ಏರಿ ಭದ್ರಪಡಿಸಲು, ತೂಬು ಸರಿಮಾಡಲು, ಹೂಳು ತೆಗೆಯಲು ತೆರಿಗೆ ಇಲ್ಲದ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಶಾಸನಗಳು ಅದನ್ನು ಕೆರೆಗೊಡಗೆ ಎನ್ನುತ್ತವೆ. ಊರಿಗಾಗಿ ಹೋರಾಡಿ ಸತ್ತವರ ಮನೆಗೆ ಕೊಟ್ಟ ಭೂಮಿ ನೆತ್ತರುಗೊಡಗೆ. ಮಧುಗಿರಿಯ ಕೊಡಿಗೇನಹಳ್ಳಿ ಹೋಬಳಿಯ ಹೆಸರಿನಲ್ಲಿ ಈ ಕೊಡಗೆಯೇ ನಿಂತಿದೆ. ‘ಕೊ’ ಇಲ್ಲಿ ಹ್ರಸ್ವ ಎಂಬುದನ್ನು ಗಮನಿಸಬೇಕು. ದೀರ್ಘವಾಗಿದ್ದರೆ ಅದು ಕೆರೆಯ ಹೆಚ್ಚು ನೀರು ಹೊರಗೆ ಹೋಗುವ ಕೋಡಿ ಆಗುತ್ತಿತ್ತು, ಕಥೆಯೇ ಬೇರೆಯಾಗುತ್ತಿತ್ತು. ಇಂಗ್ಲಿಷ್ ಅಕ್ಷರದ ಫಲಕದಲ್ಲಿ ಎರಡಕ್ಕೂ ಒಂದೇ ರೂಪ. ಹೊರಗಿನಿಂದ ಬಂದ ಬ್ಯಾಂಕಿನವರು, ಬಸ್ಸಿನವರು, ಕೊನೆಗೆ ನಮ್ಮ ಮಕ್ಕಳೂ ಆ ಫಲಕವನ್ನು ನೋಡಿ ಹೆಸರು ಹೇಳತೊಡಗಿದರೆ ಒಂದು ಮಾತ್ರೆಯ ಜೊತೆ ಒಂದು ದಾನವೂ ಮರೆತುಹೋಗುತ್ತದೆ.

ಪಾವಗಡದ ಉತ್ತರಕ್ಕೆ ಹೋದಂತೆ ಕೆರೆಯ ಜಾಗಕ್ಕೆ ಚೆರ್ಲು ಬರುತ್ತದೆ. ತೆಲುಗಿನ ಚೆರುವು ಎಂದರೆ ಕೆರೆ, ಅದರ ಬಹುವಚನ ಕುಗ್ಗಿ ಚೆರ್ಲು. ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಎರಡು ಊರುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ರಾಯನದು. ಇನ್ನೊಂದರಲ್ಲಿರುವ ಕ್ಯಾತ ನಮ್ಮ ಕಡೆಯ ಸಾಮಾನ್ಯ ಮನುಷ್ಯನ ಹೆಸರು. ಅದಕ್ಕೆ ಅಂಟಿದ ‘ಗಾನ’ ತೆಲುಗಿನ ‘ಗಾಡು’ವಿನ ಇನ್ನೊಂದು ರೂಪ. ಬಹುವಚನ ಹಚ್ಚಿ ಕರೆಯುವಷ್ಟು ದೊಡ್ಡವನಲ್ಲದ ಗಂಡಸಿಗೆ ಸೇರಿಸುವ ಪ್ರತ್ಯಯ ಅದು. ಕ್ಯಾತ ಎಂಬ ಸಾಮಾನ್ಯನೊಬ್ಬ ಕೆರೆ ಕಟ್ಟಿರಬೇಕು, ಅಥವಾ ಕಟ್ಟುವುದಕ್ಕೆ ಕಾರಣನಾಗಿರಬೇಕು. ಅವನ ಮೇಲೆ ಶಾಸನ ಇಲ್ಲ, ವೀರಗಲ್ಲಿಲ್ಲ. ಊರಿನ ಹೆಸರಿನಲ್ಲಿ ಮಾತ್ರ ರಾಯನ ಸರಿಸಮಕ್ಕೆ ಕುಳಿತಿದ್ದಾನೆ. ಕನ್ನಡದ ಹೆಸರು, ತೆಲುಗಿನ ಪ್ರತ್ಯಯ, ತೆಲುಗಿನ ಕೆರೆ, ಕರ್ನಾಟಕದ ಕಂದಾಯ ದಾಖಲೆ. ಈ ಊರು ಯಾವ ಭಾಷೆಯದು ಎಂದು ಜಗಳವಾಡುವವರಿಗೆ ನಾನು ಈ ಹೆಸರನ್ನೇ ಉತ್ತರವಾಗಿ ಕೊಡುತ್ತೇನೆ.

ಈ ಎರಡು ಊರುಗಳ ಜೊತೆ ತಿರುಮಣಿ, ವಳ್ಳೂರು, ಬಳಸಮುದ್ರಗಳೂ ಸೇರಿ, ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ನಿಂತಿದೆ. 2018ರಲ್ಲಿ ಅದಕ್ಕೆ ಶಕ್ತಿಸ್ಥಳ ಎಂಬ ಹೊಸ ಹೆಸರಿಟ್ಟರು. ಭೂಮಿ ರೈತರ ಹೆಸರಿನಲ್ಲೇ ಇದೆ, ವರ್ಷಕ್ಕಿಷ್ಟು ಎಂದು ಗುತ್ತಿಗೆ ಹಣವೂ ಬರುತ್ತದೆ. ಬರದ ಮೇಲೆ ಬರ ಕಂಡ ಕುಟುಂಬಗಳಿಗೆ ಅದು ಸಣ್ಣ ಮಾತಲ್ಲ. ಅದನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ನನ್ನ ಕಾಳಜಿ ಬೇರೆ. ಬದುಗಳು ಫಲಕಗಳ ಕೆಳಗೆ ಹೋದ ಮೇಲೆ ಆ ಬದುಗಳ ನಡುವಿನ ಹೊಲಗಳಿಗಿದ್ದ ಹೆಸರುಗಳ ಗತಿ ಏನು? ಈ ಮಾತಿಗೆ ಮತ್ತೆ ಬರುತ್ತೇನೆ.

ಪಾವಗಡವೆಂಬ ಹೆಸರನ್ನೇ ತೆಗೆದುಕೊಳ್ಳೋಣ. ಹಳಗನ್ನಡದಲ್ಲಿ ಹಾವು ಪಾವು. ಹತ್ತನೆಯ ಶತಮಾನದಿಂದ ಈಚೆಗೆ ಕನ್ನಡದ ಪಕಾರ ಹಕಾರವಾಗುತ್ತ ಬಂತು: ಪಳ್ಳಿ ಹಳ್ಳಿಯಾಯಿತು, ಪೊನ್ನು ಹೊನ್ನಾಯಿತು. ತಿಪಟೂರು ತಾಲ್ಲೂಕಿನಲ್ಲಿ ಹೊನ್ನವಳ್ಳಿ ಇದೆ, ಪಾವಗಡದಲ್ಲಿ ಪೊನ್ನಸಮುದ್ರ ಇದೆ. ಒಂದೇ ಜಿಲ್ಲೆಯ ಎರಡು ತುದಿ. ಗಡಿಯಲ್ಲಿ ಪಕಾರ ಉಳಿದದ್ದಕ್ಕೆ, ಪಕಾರವನ್ನು ಬಿಡದ ತೆಲುಗು ಪಕ್ಕದಲ್ಲೇ ಇದ್ದದ್ದು ಕಾರಣ ಎಂದು ನಾನು ತಿಳಿದಿದ್ದೇನೆ. ನೆರೆಭಾಷೆ ಕನ್ನಡವನ್ನು ಅಳಿಸಿತು ಎಂದು ಕೇಳಿಯೇ ನಮಗೆ ಅಭ್ಯಾಸ. ಇಲ್ಲಿ ನೆರೆಭಾಷೆ ಹಳೆಯ ಕನ್ನಡದ ಒಂದು ಉಚ್ಚಾರವನ್ನು ಕಾಪಾಡಿ ಕೊಟ್ಟಿದೆ.

ಗಡಿಯ ಆಚೆಗೂ ಒಂದು ಹೆಜ್ಜೆ ಇಡಬೇಕು. ನೊಳಂಬರ ರಾಜಧಾನಿ ಪೆಂಜೇರು. ನೊಳಂಬವಾಡಿ ಮೂವತ್ತೆರಡು ಸಾಸಿರವನ್ನು ಅಲ್ಲಿಂದ ಆಳಿದರು. ಮುಂದೆ ನಿಡುಗಲ್ಲಿನ ಚೋಳರ ಕೈಗೂ ಅದು ಬಂತು. ಶಾಸನಗಳಲ್ಲೇ ಪೆಂಜೇರು ಹೆಂಜೇರಾಗುತ್ತದೆ. ಇವತ್ತು ಆ ಊರು ಆಂಧ್ರದ ಮಡಕಶಿರಾ ಕಡೆ ಹೇಮಾವತಿ ಎಂಬ ಹೆಸರಿನಲ್ಲಿದೆ. ಪಕಾರ ಹಕಾರವಾದದ್ದು ಜನರ ಬಾಯಿಯಲ್ಲಿ ತಾನಾಗಿ ನಡೆದ ಬದಲಾವಣೆ. ಹೆಂಜೇರು ಹೇಮಾವತಿಯಾದದ್ದು ಹಾಗಲ್ಲ. ಯಾರಿಗೋ ಹಳೆಯ ಹೆಸರು ಒರಟಾಗಿ ಕಂಡಿದೆ, ಸಂಸ್ಕೃತದ ಹೊನ್ನಿನ ಲೇಪ ಕೊಟ್ಟಿದ್ದಾರೆ. ನಿಡುಗಲ್ಲು ಮಾತ್ರ ಬದಲಾಗದೆ ನಿಂತಿದೆ. ನಿಡಿದಾದ ಕಲ್ಲು, ಎತ್ತರದ ಬಂಡೆ. ಒರೆಯೂರಿನವರೆಂದು ಬಿರುದು ಹೊತ್ತ ಅರಸರು ಆ ಬೆಟ್ಟಕ್ಕೆ ಕಾಳಾಂಜನವೆಂದೂ ಹೆಸರು ಹೇಳಿಸಿಕೊಂಡರು. ಆ ಹೆಸರು ಶಾಸನದಲ್ಲೇ ಉಳಿಯಿತು, ಕಲ್ಲನ್ನು ಕಲ್ಲೆಂದ ಜನರ ಹೆಸರು ಊರಲ್ಲಿ ಉಳಿಯಿತು.

ಮಧುಗಿರಿಯವರು ಮುಂದಿನ ಮಾತನ್ನು ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಬಿ.ಎಲ್. ರೈಸ್ ಅವರು 1904ರಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೆಯ ಸಂಪುಟವಾಗಿ ಹೊರತಂದಾಗ ತಾಲ್ಲೂಕಿನ ಹೆಸರು ಮದ್ದಗಿರಿ. ನಮ್ಮ ಅಜ್ಜಂದಿರ ಬಾಯಲ್ಲೂ ಅದೇ ಇತ್ತು. ಬಂಡೆಯ ತುಂಬ ಹೆಜ್ಜೇನು ಕಟ್ಟುತ್ತಿತ್ತು, ಅದಕ್ಕೆ ಮಧುಗಿರಿ ಎನ್ನುವುದು ಈಗಿನ ಒಪ್ಪಿತ ವಿವರಣೆ. ಅದು ಸರಿಯೇ ಇರಬಹುದು. ಏಕಶಿಲೆಯ ಆ ಬೆಟ್ಟವನ್ನು ಕಂಡವರು ಜೇನನ್ನೂ ಕಂಡಿದ್ದಾರೆ. ಆದರೆ ಹೆಸರನ್ನು ಶುದ್ಧ ಮಾಡಿದ ಮೇಲೆ ಅರ್ಥ ಹುಡುಕಿದರೆ ಶುದ್ಧ ಮಾಡಿದವರು ಇಟ್ಟ ಅರ್ಥವೇ ಸಿಗುತ್ತದೆ. ಮೊದಲು ಹಳೆಯ ಬರಹ, ಆಮೇಲೆ ಜನರ ಉಚ್ಚಾರ, ಆಮೇಲೆ ನೆಲದ ನೋಟ, ಕೊನೆಗೆ ನಿಘಂಟು. ‘ಎಡೆಗಳು ಹೇಳುವ ಕಂನಾಡ ಕಥೆ’ ಬರೆದ ಶಂ.ಬಾ. ಜೋಶಿಯವರಿಂದ ಈಚೆಗೆ ಸ್ಥಳನಾಮಗಳ ಮೇಲೆ ದುಡಿದ ಎಲ್ಲರ ಪಾಡೂ ಈ ನಾಲ್ಕರ ನಡುವಿನದೇ. ಮೈದನಹಳ್ಳಿಯನ್ನು ನೋಡಿ. 798 ಎಕರೆಯ ಹುಲ್ಲುಗಾವಲು, ಕೃಷ್ಣಮೃಗಗಳ ಹಿಂಡು. 2007ರಲ್ಲಿ ಸಂರಕ್ಷಿತ ಮೀಸಲಾಯಿತು. ಇಂಗ್ಲಿಷಿನಲ್ಲಿ ಓದಿದವರು ಬಯಲನ್ನು ಕಂಡು ಮೈದಾನದ ಹಳ್ಳಿ ಎಂದುಬಿಡಬಹುದು. ಊರವರು ಹೇಳುವುದು ಮೈದನ, ಗಂಡನ ತಮ್ಮ. ನೆಲದ ನೋಟವೊಂದನ್ನೇ ನಂಬಿದರೆ ಹೀಗೂ ಆಗುತ್ತದೆ.

ಹಾಗೆಂದು ಜನರು ಹೇಳುವ ಕಥೆಗಳನ್ನು ಸುಳ್ಳೆಂದು ಪಕ್ಕಕ್ಕಿಡುವ ಪಂಡಿತರ ಜೊತೆಗೂ ನಾನಿಲ್ಲ. ಪಾವಗಡದ ಕೋಟೆ ಕಟ್ಟುವಾಗ ಹಾವಿನ ಚಿತ್ರದ ಕಲ್ಲು ಸಿಕ್ಕಿತು ಎನ್ನುತ್ತಾರೆ. ಅದೇ ತಾಲ್ಲೂಕಿನ ನಾಗಲಮಡಿಕೆಯಲ್ಲಿ ಇನ್ನೊಂದು ಕಥೆ: ಪ್ರತಿ ವರ್ಷ ಕುಕ್ಕೆಗೆ ನಡೆದು ಹೋಗುತ್ತಿದ್ದ ಅನ್ನಂಭಟ್ಟರಿಗೆ ಮುಪ್ಪಾಯಿತು; ನೀನು ಬರುವುದು ಬೇಡ, ನಾನೇ ಬರುತ್ತೇನೆ ಎಂದ ದೇವರು ಪಿನಾಕಿನಿಯ ದಡದಲ್ಲಿ ಉಳುವ ಮಡಕೆಗೆ ನಾಗಶಿಲೆಯಾಗಿ ಸಿಕ್ಕ. ಮಡಕೆ ಎಂದರೆ ನೇಗಿಲು. ಮಿಡಿಗೇಶಿಯಲ್ಲಿ ಹಿಮ್ಮಡಿ ಮುಟ್ಟುವ ಕೂದಲಿನ ಒಬ್ಬ ರಾಣಿಯ ಕಥೆ, ಗಂಡನೊಡನೆ ಬೆಂಕಿಗೆ ಬಿದ್ದವಳದು. ಈ ಕಥೆಗಳು ಹೆಸರು ಹುಟ್ಟಿದ ದಿನವನ್ನು ಹೇಳದೆ ಇರಬಹುದು. ಆದರೆ ನೇಗಿಲು ನೆಲಕ್ಕೆ ತಾಗಿದಾಗ ಶಿಲೆ ಸಿಗುವುದು ಇಲ್ಲಿ ಎಷ್ಟು ನಂಬುವಂಥ ಮಾತಾಗಿತ್ತು ಎಂಬುದನ್ನಂತೂ ಹೇಳುತ್ತವೆ. ಹಳೆಯ ನೆಲೆಗಳ ಮೇಲೆಯೇ ಹೊಸ ಹೊಲಗಳು ಬಿದ್ದ ಸೀಮೆ ಇದು.

ನಾವು ಏನು ಉಂಡೆವು ಎಂಬುದೂ ಹೆಸರುಗಳಲ್ಲಿ ಇದೆ. ಶಿರಾದ ಬರಗೂರಿನಲ್ಲಿ ಬರಗು, ಮಧುಗಿರಿಯ ಸಜ್ಜೆಹೊಸಹಳ್ಳಿಯಲ್ಲಿ ಸಜ್ಜೆ. ಕಡಲೆಕಾಯಿಯ ಹೆಸರು ಹೊತ್ತ ಊರನ್ನು ನಾನು ಈ ಕಡೆ ಕಂಡಿಲ್ಲ. ಒಂದು ಕಾಲಕ್ಕೆ ಶಿರಾ, ಪಾವಗಡಗಳ ಬದುಕೇ ಕಡಲೆಕಾಯಿ ಆಗಿದ್ದರೂ ಅದು ಬಂದದ್ದು ಊರುಗಳಿಗೆ ಹೆಸರಿಟ್ಟು ಮುಗಿದ ಮೇಲೆ. ಕಗ್ಗಲಡುವಿನಲ್ಲಿ ಕಗ್ಗಲಿ ಮರ ಕೇಳಿಸುತ್ತದೆ, ಈಗ ಆ ಊರಿಗೆ ಹೆಸರು ತಂದಿರುವುದು ಹುಣಸೆ ಮರದಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು. ಕುರಿ ಕಾಯುವವರ ಹೆಸರುಗಳು ಬೇರೆಯೇ ಒಂದು ಬಳಗ. ಪಾವಗಡದ ಪಕ್ಕದ ರೊಪ್ಪ ಎಂದರೆ ಮುಳ್ಳುಬೇಲಿಯ ಕುರಿದೊಡ್ಡಿ. ಅಲೆಯುವವನು ರಾತ್ರಿ ತಂಗಿದ ಜಾಗ ಊರೇ ಆಯಿತು. ಕಾಡುಗೊಲ್ಲರ ಹಟ್ಟಿಗಳು ಶಿರಾ, ಮಧುಗಿರಿ, ಪಾವಗಡಗಳ ತುಂಬ ಇವೆ, ಹೆಚ್ಚಿನವುಗಳಿಗೆ ದಾಖಲೆಯಲ್ಲಿ ಗೊಲ್ಲರಹಟ್ಟಿ ಎಂಬ ಒಂದೇ ಹೆಸರು. ಹಟ್ಟಿಯೊಳಗೆ ಹೋಗಿ ಕೇಳಿದರೆ ಬೇರೆ ಬೇರೆ ಹೆಸರುಗಳಿವೆ. ಗಣೆ ಎಂಬ ಕೊಳಲು ಹಿಡಿದು ತಮ್ಮ ದೈವ ಜುಂಜಪ್ಪನ ಕಥೆ ಹಾಡುವವರಿಗೆ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಯಿಂದ ಹಿಡಿದು ಯಾವ ಹಳ್ಳ, ಯಾವ ಗುಡ್ಡೆ, ಯಾವ ಬಾವಿ ಎಂಬುದು ಬಾಯಿಪಾಠ. ಈ ಸೀಮೆಯ ಅತ್ಯಂತ ವಿವರವಾದ ನಕ್ಷೆ ಇರುವುದು ಅವರ ಕೊರಳಿನಲ್ಲಿ, ಅದನ್ನು ಕಾಗದಕ್ಕೆ ಇಳಿಸುವ ಕೆಲಸ ಸಾಕಷ್ಟು ಆಗಿಲ್ಲ.

ನಮ್ಮ ಕಾಲ ಹೆಸರುಗಳಿಗೆ ಮಾಡುತ್ತಿರುವ ಒಂದು ಹಾನಿಯನ್ನು ಹೇಳಿಬಿಡುತ್ತೇನೆ. ಇನಿಷಿಯಲ್. ಯಲ್ಲಪ್ಪನಾಯಕನ ಹೊಸಕೋಟೆ ವೈ.ಎನ್. ಹೊಸಕೋಟೆ ಆಯಿತು; ಮಗ್ಗದ ಸೀರೆ ಕೊಳ್ಳಲು ಬರುವವರಿಗೆ ಯಲ್ಲಪ್ಪನಾಯಕ ಯಾರೆಂದು ಗೊತ್ತಿಲ್ಲ. ಚನ್ನರಾಯನದುರ್ಗ ಸಿ.ಎನ್. ದುರ್ಗ ಆಯಿತು. ಇವೆರಡರಲ್ಲಿ ವ್ಯಕ್ತಿಯ ನೆನಪು ಹೋಯಿತು. ಮಧುಗಿರಿಯ ಐ.ಡಿ. ಹಳ್ಳಿಯಲ್ಲಿ ಹೋದದ್ದು ಇನ್ನೂ ದೊಡ್ಡದು. ಅದರ ಪೂರ್ಣ ಹೆಸರು ಇಟಕದಿಬ್ಬನಹಳ್ಳಿ. ಇಟಕ ಎಂದರೆ ತೆಲುಗಿನಲ್ಲಿ ಇಟ್ಟಿಗೆ. ದಿಬ್ಬ ನಮಗೂ ಅವರಿಗೂ ದಿಬ್ಬವೇ. ಇಟ್ಟಿಗೆಯ ದಿಬ್ಬ! ಕಲ್ಲಿಗೆ ಬರವೇ ಇಲ್ಲದ ನೆಲದಲ್ಲಿ ಇಟ್ಟಿಗೆಯ ದಿಬ್ಬವೊಂದು ಊರಿಗೆ ಹೆಸರು ಕೊಡುವಷ್ಟು ಎದ್ದು ಕಂಡಿದ್ದರೆ ಅದರ ಅಡಿಯಲ್ಲಿ ಏನಿತ್ತು ಎಂದು ಪುರಾತತ್ವದವರು ಕೇಳಬೇಕಾದ ಪ್ರಶ್ನೆ. ಐ.ಡಿ. ಎಂಬ ಎರಡು ಅಕ್ಷರಗಳನ್ನು ಓದಿದ ಯಾರಿಗೂ ಆ ಪ್ರಶ್ನೆ ಹುಟ್ಟುವುದಿಲ್ಲ. ಪಂಚಾಯಿತಿಯ ಫಲಕ, ಶಾಲೆಯ ಫಲಕ, ಬಸ್ಸಿನ ಬೋರ್ಡು, ಈ ಮೂರರಲ್ಲಾದರೂ ಪೂರ್ಣ ಹೆಸರು ಬರೆಯಿಸಲು ಸರ್ಕಾರದ ಆದೇಶ ಬೇಕಿಲ್ಲ, ಬಣ್ಣದ ಡಬ್ಬಿ ಸಾಕು.

ಹೆಸರು ಕೆಡಿಸಿದ್ದೂ ಕಾಪಾಡಿದ್ದೂ ಎರಡೂ ನಡೆದ ಇನ್ನೊಂದು ನಾಡನ್ನು ನೋಡೋಣ. ಐರ್ಲೆಂಡಿನಲ್ಲಿ 1824ರಲ್ಲಿ ಬ್ರಿಟಿಷ್ ಸೈನ್ಯದ ಸರ್ವೆ ಶುರುವಾದಾಗ ಗೇಲಿಕ್ ಹೆಸರುಗಳನ್ನು ಇಂಗ್ಲಿಷ್ ಕಾಗುಣಿತಕ್ಕೆ ಎಳೆದರು. ಊರು ಎಂಬ ಅರ್ಥದ ಬಾಲೆ ನಕ್ಷೆಯಲ್ಲಿ ಬ್ಯಾಲಿ ಆಯಿತು, ಗುಡ್ಡವೆಂಬ ಕ್ನೊಕ್ ನಾಕ್ ಆಯಿತು. ಆದರೆ ಅದೇ ಸರ್ವೆ 1830ರಿಂದ ಜಾನ್ ಓಡೊನೊವನ್ ಎಂಬ ವಿದ್ವಾಂಸನನ್ನು ಇಟ್ಟುಕೊಂಡಿತು. ಆತ ಊರೂರಿಗೆ ನಡೆದು ಹಿರಿಯರ ಬಾಯಿಂದ ಹೆಸರು ಕೇಳಿ, ಹಳೆಯ ಹಸ್ತಪ್ರತಿಯೊಡನೆ ಹೋಲಿಸಿ ಬರೆದಿಟ್ಟ. 60 ಸಾವಿರಕ್ಕೂ ಹೆಚ್ಚು ಸಣ್ಣ ಗ್ರಾಮಘಟಕಗಳಿರುವ ದೇಶ ಅದು. ಇವತ್ತು ಅಲ್ಲಿನ ಹೆಸರುಗಳ ಸಾರ್ವಜನಿಕ ಕೋಶದಲ್ಲಿ ಯಾರು ಬೇಕಾದರೂ ತಮ್ಮ ಊರಿನ ಮೂಲರೂಪವನ್ನು ನೋಡಬಹುದು. ನನಗೆ ಇದಕ್ಕಿಂತ ಹೆಚ್ಚು ಪ್ರೀತಿ ಅಲ್ಲಿನ ಮೀದ್ ಕೌಂಟಿಯವರ ಕೆಲಸದ ಮೇಲೆ. ಊರವರೇ ಸೇರಿ ಮನೆಮನೆಗೆ ಹೋಗಿ ಹೊಲಗಳ ಹೆಸರು ಕೂಡಿಸಿ 2013ರಲ್ಲಿ ಪುಸ್ತಕ ಮಾಡಿದರು. ಊರಿನ ಹೆಸರಲ್ಲ, ಹೊಲದ ಹೆಸರು.

ನಮಗೂ ಅದೇ ಆಗಬೇಕು. ಊರ ಹೆಸರನ್ನು ದಾಖಲೆ ಕಾಯುತ್ತದೆ. ಜನ ಬಿಟ್ಟುಹೋದ ಊರನ್ನೂ ಕಂದಾಯ ಇಲಾಖೆ ಬೇಚಿರಾಕ್ ಗ್ರಾಮ ಎಂದು ಬರೆದು ಹೆಸರು ಉಳಿಸಿಕೊಂಡಿದೆ. ಬೇಚಿರಾಕ್ ಎಂದರೆ ಪಾರಸಿಯಲ್ಲಿ ದೀಪವಿಲ್ಲದ್ದು. ಹೊಲದ ಹೆಸರನ್ನು ಕಾಯುವ ದಾಖಲೆ ಯಾವುದೂ ಇಲ್ಲ. ಭೂಮಿ ಯೋಜನೆಯಲ್ಲಿ ಪಹಣಿಗಳೆಲ್ಲ ಕಂಪ್ಯೂಟರಿಗೆ ಹೋದವು. ಅದು ಲಂಚಕ್ಕೆ ಬಿದ್ದ ದೊಡ್ಡ ಪೆಟ್ಟು, ನಾನು ಮೆಚ್ಚುತ್ತೇನೆ. ಆದರೆ ಪಹಣಿಯಲ್ಲಿರುವುದು ಸರ್ವೆ ನಂಬರು, ಹಿಸ್ಸಾ ನಂಬರು. ಹುಣಸೆಮರದ ಹೊಲ, ದೊಣೆ ಹೊಲ, ಕುಂಟೆ ಕೆಳಗಲದು, ದಾಸಪ್ಪನ ಮಾನ್ಯ ಎಂಬ ಮಾತು ಅಲ್ಲಿಲ್ಲ. ಮಾನ್ಯ ಎಂದರೆ ಎಂದೋ ಯಾರಿಗೋ ಸಲ್ಲಿದ ಇನಾಮು. ಮರ ಬಿದ್ದಿದೆ, ಕುಂಟೆ ಮುಚ್ಚಿದೆ, ಇನಾಮು ರದ್ದಾಗಿದೆ, ಹೆಸರೊಂದೇ ಸಾಕ್ಷಿ. ಹೊಲ ಉಳದ ಮೊಮ್ಮಗನಿಗೆ ಆ ಹೆಸರಿನಿಂದ ಕೆಲಸವಿಲ್ಲ.

ಒಂದು ಎಚ್ಚರವೂ ಬೇಕು. ಎಲ್ಲ ಹಳೆಯ ಹೆಸರೂ ಪೂಜೆಗೆ ತಕ್ಕದ್ದಲ್ಲ. ಜಾತಿಯನ್ನು ಎತ್ತಿ ಕರೆಯುವ ಕೇರಿಗಳ, ಹಟ್ಟಿಗಳ ಹೆಸರನ್ನು ಅಲ್ಲಿನ ಜನ ಬೇಡವೆಂದರೆ ಬದಲಾಯಿಸಬೇಕು. ಪಂಡಿತರ ಕುತೂಹಲಕ್ಕಾಗಿ ಯಾರೂ ಅವಮಾನವನ್ನು ವಿಳಾಸ ಮಾಡಿಕೊಂಡು ಬದುಕಬೇಕಿಲ್ಲ. ಬದಲಾಯಿಸಿದ ಹಳೆಯ ಹೆಸರು ಬರೆದಿಟ್ಟ ಪುಸ್ತಕದಲ್ಲಿದ್ದರೆ ಸಾಕು, ಏಕೆಂದರೆ ಆ ಅವಮಾನವೂ ಚರಿತ್ರೆಯೇ. ಟಿಪ್ಪು ದೇವನಹಳ್ಳಿಯನ್ನು ಯೂಸುಫಾಬಾದ್ ಮಾಡಿದ್ದ. ಜನ ಒಪ್ಪದ ಹೆಸರು ಅವನ ನಂತರ ನಿಲ್ಲಲಿಲ್ಲ. ಬದಲಾವಣೆ ಅಲ್ಲಿ ಬದುಕುವವರಿಂದ ಬರಬೇಕು.

ಕೆಲಸಕ್ಕೆ ದಾರಿ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಗ್ರಾಮ ಪಂಚಾಯಿತಿಗಳು ಜನತಾ ಜೀವವೈವಿಧ್ಯ ದಾಖಲೆ ಇಡಬೇಕು. ಮರ, ಹುಲ್ಲು, ಹಕ್ಕಿಗಳ ಪಟ್ಟಿಗೆ ಊರಿನ ಹಿರಿಯರನ್ನು ಹೇಗೂ ಕೂರಿಸಿ ಕೇಳಬೇಕು. ಅದೇ ಕೂಟದಲ್ಲಿ ಹೊಲ, ಹಳ್ಳ, ಕುಂಟೆ, ಗುಡ್ಡೆಗಳ ಹೆಸರನ್ನೂ ಕೇಳಿಬಿಡಲಿ. ಹೇಳಿದವರ ಉಚ್ಚಾರ ಇದ್ದಂತೆಯೇ ಬರೆಯಬೇಕು, ತಿದ್ದಬಾರದು. ಫೋನಿನಲ್ಲಿ ದನಿ ಹಿಡಿಯಬೇಕು. ಸರ್ವೆ ನಂಬರನ್ನು ಪಕ್ಕದಲ್ಲಿ ಹಾಕಬೇಕು. ತೆಲುಗಿನ ಹೆಸರಾದರೆ ತೆಲುಗಿನಲ್ಲೇ ಇರಲಿ. ಹೆಂಗಸರನ್ನು ಬೇರೆಯಾಗಿ ಕೇಳಬೇಕು, ಕಳೆ ಕಿತ್ತವರಿಗೆ, ಸೊಪ್ಪು ತಂದವರಿಗೆ, ನೀರು ಹೊತ್ತವರಿಗೆ ಗೊತ್ತಿರುವ ಹೆಸರುಗಳು ಗಂಡಸರ ಪಟ್ಟಿಯಲ್ಲಿ ಇರುವುದಿಲ್ಲ.

ಎಲ್ಲಿಂದ ಶುರು ಮಾಡಬೇಕೆಂದು ಕೇಳಿದರೆ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಎನ್ನುತ್ತೇನೆ. ಅಲ್ಲಿ ಬದು ಕಂಡು, ಆ ಬದುವಿನ ಒಳಗೆ ಉತ್ತು ಬಿತ್ತಿದವರು ಇನ್ನೂ ಇದ್ದಾರೆ. ಸೌರ ಫಲಕಗಳ ಸಾಲುಗಳ ನಡುವೆ ನಿಲ್ಲಿಸಿದರೂ ತಮ್ಮ ಹೊಲ ಯಾವುದು, ಅದಕ್ಕೆ ಏನೆನ್ನುತ್ತಿದ್ದರು ಎಂದು ಹೇಳಬಲ್ಲರು. ಮೊದಲ ಪುಸ್ತಕ ಆ ಐದು ಊರುಗಳದಾಗಲಿ, ಇನ್ನು ಎರಡು ಮೂರು ಬೇಸಿಗೆಯೊಳಗೆ ಆಗಲಿ.